ಗೀರು ಬಿದ್ದ ಹಳೆ ಕಾರಿಗೆ ಯಾವುದು ಸರಿ: ವ್ಯಾಕ್ಸೋ, ಪಾಲಿಶೋ, ಹೊಸ ಪೇಂಟೋ?

ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದ ಮೊದಲ ವಾರ ಯಾರಿಗೂ ಗೀರು ಕಾಣುವುದಿಲ್ಲ. ಕೊಳ್ಳುವಾಗ ನೋಡಿದ್ದು ಸಂಜೆಯಲ್ಲೋ ನೆರಳಲ್ಲೋ ಆಗಿರುತ್ತದೆ, ಅದೂ ಆಗಷ್ಟೇ ತೊಳೆದು ಮಿರಮಿರ ಮಿಂಚಿಸಿ ನಿಲ್ಲಿಸಿದ ಕಾರು. ಎರಡನೇ ವಾರ ಒಂದು ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂಥ ಗೆರೆಗಳು ಎದ್ದು ಕಾಣುತ್ತವೆ. ಬಾಗಿಲ ಹಿಡಿಕೆಯ ಹಿಂದೆ ಉಗುರು ಕೆರೆದ ಗುರುತು, ಹಿಂದಿನ ಬಂಪರ್ ಮೂಲೆಯಲ್ಲಿ ಯಾವುದೋ ಗೋಡೆ ಸವರಿದ ಕಲೆ. ಆಗ ಶುರುವಾಗುತ್ತದೆ ವಿಚಾರಣೆ. ಒಬ್ಬರು ವ್ಯಾಕ್ಸ್ ಹಚ್ಚಿದರೆ ಸಾಕು ಅನ್ನುತ್ತಾರೆ, ಇನ್ನೊಬ್ಬರು ರಬ್ಬಿಂಗ್ ಮಾಡಿಸಿ ಅನ್ನುತ್ತಾರೆ, ಮೂರನೆಯವರು ಪೇಂಟ್ ಮೇಲೆ ಗಟ್ಟಿಯಾಗಿ ಕೂರುವ ಸೆರಾಮಿಕ್ ಕೋಟಿಂಗ್ ಎಂಬ ಲೇಪ ಬಿಟ್ಟು ಬೇರೆ ಮಾತೇ ಆಡುವುದಿಲ್ಲ, ನಾಲ್ಕನೆಯವರು ಪೂರ್ತಿ ಪೇಂಟ್ ಹೊಡೆಸಿಬಿಡಿ ಎಂದು ಕೈ ತೊಳೆದುಕೊಳ್ಳುತ್ತಾರೆ. ನಾಲ್ವರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಕಾರು ಇದೆ, ಅಷ್ಟೆ.

ನಿಮ್ಮ ಕಾರಿಗೆ ಯಾವ ಮಾತು ಹೊಂದುತ್ತದೆ ಎಂದು ತಿಳಿಯಲು ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪಾಲಿಶ್ ಮತ್ತು ವ್ಯಾಕ್ಸ್ ಎರಡನ್ನೂ ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಆದರೆ ಕೆಲಸ ತದ್ವಿರುದ್ಧ. ಪಾಲಿಶ್ ಕಳೆಯುತ್ತದೆ, ವ್ಯಾಕ್ಸ್ ಕೂಡಿಸುತ್ತದೆ. ಪಾಲಿಶ್‌ನಲ್ಲಿ ಅತಿ ನುಣ್ಣನೆಯ ಉಜ್ಜುವ ಪುಡಿ ಇರುತ್ತದೆ. ಅದು ಗೀರಿನ ಸುತ್ತಲಿನ ಪೇಂಟನ್ನು ಗೀರಿನ ತಳದ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಗೀರು ಮಾಯವಾಯಿತು ಅಂದರೆ ಅಷ್ಟು ಪೇಂಟ್ ಹೋಯಿತು ಅಂತಲೇ ಅರ್ಥ. ವ್ಯಾಕ್ಸ್ ಏನನ್ನೂ ಕೆರೆಯುವುದಿಲ್ಲ, ಮೇಲೊಂದು ತೆಳು ಪದರ ಬಿಟ್ಟು ಹೋಗುತ್ತದೆ. ಗೀರಿಗೆ ಅದು ಮದ್ದಲ್ಲ.

ಕಳೆಯಲು ಎಷ್ಟಿದೆ ಎನ್ನುವುದು ಮುಂದಿನ ಪ್ರಶ್ನೆ. ಇಂದಿನ ಬಹುತೇಕ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಪದರ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 40–50 ಮೈಕ್ರಾನ್ ಆಸುಪಾಸು, ಅಂದರೆ ತಲೆಗೂದಲಿಗಿಂತಲೂ ತೆಳು. ಹೊಳಪೂ ಅದರದ್ದೇ, ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದೂ ಅದೇ. ಒಮ್ಮೆ ಪಾಲಿಶ್ ಮಾಡಿದರೆ ಅದರಿಂದ ಕೆಲವೇ ಮೈಕ್ರಾನ್ ಹೋಗುತ್ತದೆ, ಭಯಪಡುವಂಥದ್ದೇನಲ್ಲ. ಆದರೆ ಹಳೆ ಕಾರಿನ ವಿಷಯದಲ್ಲಿ ನಿಮಗಿಂತ ಮುಂಚೆ ಎಷ್ಟು ಜನ ಎಷ್ಟು ಸಲ ಉಜ್ಜಿದ್ದಾರೆ ಎನ್ನುವ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಈ ಬರಹದಲ್ಲಿ ನಾನು ಪದೇ ಪದೇ ಕಡಿಮೆ ಉಜ್ಜುವ ದಾರಿಯ ಪರ ವಾದಿಸುವುದು ಇದೇ ಕಾರಣಕ್ಕೆ.

ಆಯ್ಕೆಗೆ ಮುಂಚೆ ನೋಡಬೇಕಾದ್ದು

ಮೊದಲನೆಯದು ಗೀರಿನ ಆಳ. ಕಾರು ತೊಳೆದು, ಗೀರಿಗೆ ಅಡ್ಡವಾಗಿ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಜಾರಿಕೊಂಡು ಹೋದರೆ ಪಾಲಿಶ್‌ಗೆ ಬಗ್ಗುವ ಗೀರು. ಸಿಕ್ಕಿಕೊಂಡರೆ ಪಾಲಿಶ್‌ನಿಂದ ಪೂರ್ತಿ ಹೋಗುವುದಿಲ್ಲ; ಅಂಚು ಮೆತ್ತಗಾಗಿ ಕಣ್ಣಿಗೆ ಹೊಡೆಯುವುದು ಕಡಿಮೆಯಾಗಬಹುದು. ಇನ್ನೊಂದು ಉಪಾಯ, ಗೀರಿನ ಮೇಲೆ ಸ್ವಲ್ಪ ನೀರು ಸವರಿ. ಒದ್ದೆಯಾದಾಗ ಗೀರು ಕಾಣದಂತಾದರೆ ಅದು ಕ್ಲಿಯರ್ ಕೋಟ್‌ನಲ್ಲೇ ಇದೆ. ಒದ್ದೆಯಾದರೂ ಬಿಳಿಯಾಗೋ ಬೂದಿಯಾಗೋ ಕಂಡರೆ ಬಣ್ಣದ ಪದರ ದಾಟಿ ಪ್ರೈಮರ್ ಮುಟ್ಟಿದೆ. ಕಂದು ಬಣ್ಣ ಕಂಡರೆ ತುಕ್ಕು ಹಿಡಿಯಲು ಶುರುವಾಗಿದೆ, ಅಲ್ಲಿಗೆ ಹೊಳಪಿನ ಮಾತು ಬಿಟ್ಟು ತುಕ್ಕಿನ ಮಾತು ಆಡಬೇಕು.

ಎರಡನೆಯದು ಪೇಂಟಿನ ಪೂರ್ವಚರಿತ್ರೆ. ಪೇಂಟಿನ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಒಳ್ಳೆಯದು. ಒಂದೇ ಕಾರಿನಲ್ಲಿ ಎಲ್ಲ ಕಡೆ 120 ಇದ್ದು ಒಂದು ಬಾಗಿಲು ಮಾತ್ರ 250 ತೋರಿಸಿದರೆ ಆ ಬಾಗಿಲಿಗೆ ಮತ್ತೆ ಪೇಂಟ್ ಆಗಿದೆ. ಇನ್ನೂ ಬಹಳ ಮೇಲೆ ಹೋದರೆ ಒಳಗೆ ಪುಟ್ಟಿ ಇದೆ ಎಂದು ಅನುಮಾನಿಸಬೇಕು. ಎಲ್ಲಾದರೂ ಉಳಿದ ಕಡೆಗಿಂತ ತೀರಾ ಕೆಳಗೆ ಇಳಿದರೆ ಆ ಜಾಗ ಹಿಂದೆ ಚೆನ್ನಾಗಿ ಉಜ್ಜಿಸಿಕೊಂಡಿದೆ, ಮುಟ್ಟದಿರುವುದು ಕ್ಷೇಮ. ಅಗ್ಗದ ಕೆಲವು ಮೀಟರುಗಳು ಕಬ್ಬಿಣದ ಮೇಲಷ್ಟೇ ಓದುತ್ತವೆ, ಅಲ್ಯೂಮಿನಿಯಂ ಬಾನೆಟ್ ಮತ್ತು ಪ್ಲಾಸ್ಟಿಕ್ ಬಂಪರ್ ಮೇಲೆ ಕೆಲಸಕ್ಕೆ ಬಾರವು. ಮೀಟರ್ ಇಲ್ಲದವರು ಬಾಗಿಲು, ಗಾಜಿನ ಅಂಚಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್ ಎತ್ತಿ ನೋಡಿ. ಅದರ ಅಂಚಿಗೆ ಪೇಂಟಿನ ತುಂತುರು ಅಂಟಿದ್ದರೆ, ಪಕ್ಕದ ಬಾಗಿಲಿಗೂ ಇದಕ್ಕೂ ಬಣ್ಣದ ಛಾಯೆಯಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೆ ಕಥೆ ಅರ್ಥವಾಗುತ್ತದೆ. ಇನ್ನು ತೀರಾ ಹಳೆಯ ಕಾರುಗಳಲ್ಲಿ ಕ್ಲಿಯರ್ ಕೋಟೇ ಇಲ್ಲದ ಸಿಂಗಲ್ ಸ್ಟೇಜ್ ಪೇಂಟ್ ಇರಬಹುದು. ಮೂಲೆಯೊಂದರಲ್ಲಿ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದೇ. ಹೆದರಬೇಡಿ, ಅಂಥ ಪೇಂಟ್ ಪಾಲಿಶ್‌ಗೆ ಬಹಳ ಚೆನ್ನಾಗಿ ಮರುಜೀವ ಪಡೆಯುತ್ತದೆ, ಆದರೆ ಉಜ್ಜಿದ್ದೆಲ್ಲ ನೇರ ಬಣ್ಣದಿಂದಲೇ ಹೋಗುತ್ತದೆ.

ಮೂರನೆಯದು ನಿಮ್ಮ ಬಗ್ಗೆ. ಕಾರು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಅದು ಬಯಲಲ್ಲಿ ನಿಲ್ಲುತ್ತದೋ ಸೂರಿನ ಕೆಳಗೋ, ತೊಳೆಯುವವರು ಯಾರು, ಒಂದು ಇಡೀ ದಿನ ಬಗ್ಗಿ ಎದ್ದು ಕೆಲಸ ಮಾಡುವ ವ್ಯವಧಾನ ಇದೆಯೇ. ದುಡ್ಡಿನ ಲೆಕ್ಕ ಇವೆಲ್ಲದರ ನಂತರ ಬರುತ್ತದೆ, ಏಕೆಂದರೆ ಇವಕ್ಕೆ ಉತ್ತರ ಸಿಕ್ಕಿದ ಮೇಲೆ ಎಷ್ಟೋ ಸಲ ದುಬಾರಿ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಏನನ್ನೂ ಕೆರೆಯದ ದಾರಿ: ತೊಳೆ, ಕ್ಲೇ, ವ್ಯಾಕ್ಸ್

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಡಿಮೆ ಅಪಾಯ. ಚೆನ್ನಾಗಿ ತೊಳೆದ ಕಾರಿನ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿ ನೋಡಿ. ಮರಳು ಕಾಗದದ ಹಾಗೆ ತರಿತರಿ ಅನಿಸಿದರೆ ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಮರದ ಅಂಟು, ಟಾರು ಎಲ್ಲ ಕ್ಲಿಯರ್ ಕೋಟ್‌ಗೆ ಕಚ್ಚಿಕೊಂಡು ಕೂತಿವೆ. ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಮೆತ್ತನೆ ಮುದ್ದೆಯನ್ನು ಜಾರುವ ದ್ರಾವಣ ಧಾರಾಳವಾಗಿ ಸಿಂಪಡಿಸಿ ಒತ್ತದೆ ಓಡಿಸಿದರೆ ಇವು ಎದ್ದು ಬರುತ್ತವೆ. ಗೀರಿಗಿಂತ ಈ ಕೊಳೆಯಿಂದಲೇ ಮಂಕಾದ ಕಾರುಗಳು ಬಹಳ. ಬಿಳಿ, ಬೆಳ್ಳಿ ಬಣ್ಣದ ಕಾರಿನವರು ಎಷ್ಟೋ ಸಲ ಕ್ಲೇ ಮಾಡಿ ವ್ಯಾಕ್ಸ್ ಹಚ್ಚಿದ ಮೇಲೆ ಪಾಲಿಶ್ ಯೋಚನೆಯನ್ನೇ ಬಿಡುತ್ತಾರೆ, ಅಂಥ ಬಣ್ಣದ ಮೇಲೆ ಸಣ್ಣ ಗೆರೆ ಕಾಣುವುದೇ ಕಡಿಮೆ. ಕಪ್ಪು, ಕಡುನೀಲಿ ಕಾರಿನವರಿಗೆ ಈ ಭಾಗ್ಯ ಇಲ್ಲ.

ವರ್ಷದೊಳಗೆ ಮಾರುವ ಯೋಚನೆ ಇರುವವರಿಗೆ, ಪೇಂಟ್ ಈಗಾಗಲೇ ತೆಳುವಾಗಿದೆ ಎಂದು ಅನುಮಾನ ಇರುವವರಿಗೆ ನಾನು ಇಲ್ಲಿಗೇ ನಿಲ್ಲಿ ಅನ್ನುತ್ತೇನೆ.

ಇದರ ಪಕ್ಕದಲ್ಲೇ ಇನ್ನೊಂದು ಆಯ್ಕೆ ಇದೆ, ಗ್ಲೇಜ್ ಅಥವಾ ಗೀರು ಮುಚ್ಚುವ ವ್ಯಾಕ್ಸ್. ಇದರಲ್ಲಿರುವ ಎಣ್ಣೆ ಮತ್ತು ಫಿಲ್ಲರ್ ಗೆರೆಯೊಳಗೆ ತುಂಬಿಕೊಂಡು ಬೆಳಕು ಚದುರದಂತೆ ಮಾಡುತ್ತವೆ. ಅರ್ಧ ಗಂಟೆಯಲ್ಲಿ ಕಾರು ಬೇರೆಯೇ ಆಗಿ ಕಾಣುತ್ತದೆ, ನಾಲ್ಕಾರು ತೊಳೆತಕ್ಕೆ ಗೆರೆಗಳೆಲ್ಲ ವಾಪಸ್. ಮೇಲೆ ಹೇಳಿದ, ಎರಡನೇ ವಾರಕ್ಕೆ ಗೀರು ಕಾಣಿಸಿಕೊಂಡ ಕಾರಿನ ರಹಸ್ಯ ಹೆಚ್ಚಾಗಿ ಇದೇ. ಒಂದು ದಿನದ ಸಮಾರಂಭಕ್ಕೆ ತಪ್ಪೇನಿಲ್ಲ. ಪರಿಹಾರ ಅಂದುಕೊಂಡರೆ ಮಾತ್ರ ತಪ್ಪು.

ಉಜ್ಜುವುದೇ ಆದರೆ: ಕೈಯಲ್ಲೋ, ಯಾವ ಮಷೀನಲ್ಲೋ

ಜೇಡರ ಬಲೆ ನಿಜಕ್ಕೂ ಹೋಗಬೇಕಾದರೆ ಪಾಲಿಶ್ ಬೇಕು. ಇಲ್ಲಿ ಎರಡು ಬಗೆ ಇವೆ: ಕಾಂಪೌಂಡ್ ಒರಟು, ಬೇಗ ಕೆರೆಯುತ್ತದೆ, ತಾನೇ ಸ್ವಲ್ಪ ಮಂಕು ಬಿಟ್ಟುಹೋಗುತ್ತದೆ, ಪಾಲಿಶ್ ನುಣುಪು, ಕಾಂಪೌಂಡ್ ಬಿಟ್ಟ ಮಂಕನ್ನೂ ತೆಗೆದು ಹೊಳಪು ತರುತ್ತದೆ. ಜನರ ಬಾಯಲ್ಲಿ ರಬ್ಬಿಂಗ್ ಅಂತ ಇರುವುದು ಹೆಚ್ಚಾಗಿ ಕಾಂಪೌಂಡ್ ಕೆಲಸ. ಎಲ್ಲ ಕಾರಿಗೂ ಎರಡೂ ಬೇಕಾಗುವುದಿಲ್ಲ. ಒಂದು ಕಂಪನಿಯ ಕ್ಲಿಯರ್ ಕೋಟ್ ಕಲ್ಲಿನಂತೆ, ಇನ್ನೊಂದರದು ಬೆಣ್ಣೆಯಂತೆ ಇರಬಹುದು, ಉಜ್ಜಿ ನೋಡದೆ ತಿಳಿಯುವುದಿಲ್ಲ. ಆದ್ದರಿಂದ ಬಾನೆಟ್‌ನ ಒಂದೂವರೆ ಅಡಿ ಚದರಕ್ಕೆ ಟೇಪ್ ಅಂಟಿಸಿ, ಮೆತ್ತನೆ ಫೋಮ್ ಪ್ಯಾಡ್ ಮತ್ತು ನುಣುಪು ಪಾಲಿಶ್‌ನಿಂದಲೇ ಶುರು ಮಾಡಿ. ಒರೆಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ ಎಣ್ಣೆ ತೆಗೆದು, ಟಾರ್ಚ್ ಹಿಡಿದು ನೋಡಿ. ಸಾಲದಿದ್ದರೆ ಪ್ಯಾಡ್ ಬದಲಿಸಿ, ಆಮೇಲೂ ಸಾಲದಿದ್ದರೆ ಕಾಂಪೌಂಡ್. ಆ ಒಂದೂವರೆ ಅಡಿಯಲ್ಲಿ ಸಿಕ್ಕ ಉತ್ತರವೇ ಇಡೀ ಕಾರಿನ ಉತ್ತರ.

ಕೈಯಿಂದ ಉಜ್ಜುವುದು ಹಿಡಿಕೆಯ ಹಿಂದಿನ ಬಟ್ಟಲು, ಕನ್ನಡಿಯ ಬುಡ, ಎಲ್ಲೋ ಒಂದೆರಡು ಗೀರು, ಇಷ್ಟಕ್ಕೆ ಸರಿ. ಇಡೀ ಕಾರನ್ನು ಕೈಯಲ್ಲಿ ಮಾಡಹೊರಟವರು ಎರಡನೇ ಬಾಗಿಲಿಗೆ ಬರುವಷ್ಟರಲ್ಲಿ ಭುಜ ಹಿಡಿದುಕೊಂಡು ಕೂತಿರುತ್ತಾರೆ, ಒತ್ತಡ ಒಂದೇ ಸಮ ಇರದೆ ಹೊಳಪೂ ಅಲ್ಲಲ್ಲಿ ಬೇರೆ ಬೇರೆ. ಅಂದಹಾಗೆ ಟೂತ್‌ಪೇಸ್ಟ್ ಉಪಾಯದ ಬಗ್ಗೆ ಕೇಳುವವರಿಗೆ: ಅದರಲ್ಲೂ ಉಜ್ಜುವ ಪುಡಿ ಇದೆ ನಿಜ, ಆದರೆ ಅದು ಹಲ್ಲಿಗೆ ಅಳೆದಿಟ್ಟದ್ದು. ಸೀಮೆಎಣ್ಣೆ, ಡೀಸೆಲ್ ಒರೆಸಿದರೆ ಬರುವ ಮಿಂಚು ಬರೀ ಎಣ್ಣೆಯ ಮಿಂಚು, ಸಂಜೆಯೊಳಗೆ ಅದರ ಮೇಲೆ ಧೂಳು ಕೂತಿರುತ್ತದೆ.

ಮಷೀನುಗಳಲ್ಲಿ ಎರಡು ಜಾತಿ. ರೋಟರಿಯ ಪ್ಯಾಡ್ ಒಂದೇ ಅಚ್ಚಿನ ಮೇಲೆ ಗಿರಗಿರ ತಿರುಗುತ್ತದೆ. ಡಿಎ ಎಂದು ಕರೆಯುವ ಡ್ಯುಯಲ್ ಆ್ಯಕ್ಷನ್ ಮಷೀನಿನ ಪ್ಯಾಡ್ ತಿರುಗುತ್ತಾ ಜೊತೆಗೆ ಅಲುಗಾಡುತ್ತದೆ. ವ್ಯತ್ಯಾಸ ಇಷ್ಟೇ ಅನಿಸಬಹುದು, ಆದರೆ ಪರಿಣಾಮ ಬೇರೆಯೇ. ರೋಟರಿ ಬಲವನ್ನೆಲ್ಲ ಒಂದೇ ಕಡೆ ಹಾಕುತ್ತದೆ, ಶಾಖ ಏರುತ್ತದೆ. ನುರಿತ ಕೈಯಲ್ಲಿ ಅರ್ಧ ಸಮಯದಲ್ಲಿ ಕೆಲಸ ಮುಗಿಸುತ್ತದೆ, ಹೊಸ ಕೈಯಲ್ಲಿ ಬಿಸಿಲಿಗೆ ಹಿಡಿದರೆ ಹೊಳೆಯುವ ಸುಳಿಗಳನ್ನು, ಅಂದರೆ ಹೊಲೊಗ್ರಾಮ್ ಬಿಡುತ್ತದೆ, ಕೆಲವೊಮ್ಮೆ ಪೇಂಟನ್ನೇ ಸುಡುತ್ತದೆ. ನಾನು ಮೊದಲ ಸಲ ಎರವಲು ತಂದ ರೋಟರಿ ಹಿಡಿದು ಫೆಂಡರ್‌ನ ಏಣು ದಾಟಿಸಿದಾಗ ಎರಡು ಸೆಕೆಂಡಿನಲ್ಲಿ ಪ್ರೈಮರ್ ಕಂಡಿತು. ಏಣುಗಳ ಮೇಲೆ ಪೇಂಟ್ ಮೊದಲೇ ತೆಳು ಎಂದು ಆಮೇಲೆ ಓದಿಕೊಂಡೆ. ಆ ಫೆಂಡರ್‌ಗೆ ಪೇಂಟ್ ಹೊಡೆಸಿದ ದುಡ್ಡಿನಲ್ಲಿ ಒಂದು ಒಳ್ಳೆ ಡಿಎ ಬರುತ್ತಿತ್ತು.

ಡಿಎ ನಿಧಾನ, ಆದರೆ ಕ್ಷಮಿಸುವ ಗುಣ ಇದೆ. ಸಾಮಾನ್ಯ ಡಿಎ ಮಷೀನನ್ನು ಜೋರಾಗಿ ಒತ್ತಿದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸುತ್ತದೆ, ಸುಡುವುದು ಅಷ್ಟು ಸುಲಭವಲ್ಲ. ಮೊದಲ ಸಲ ಮಾಡುವವರಿಗೆ ಬೇರೆ ಮಾತಿಲ್ಲ, ಇದೇ. ಪ್ಯಾಡ್ ಮೇಲೆ ಕಡಲೆ ಕಾಳಿನಷ್ಟು ನಾಲ್ಕೈದು ಬೊಟ್ಟು ಪಾಲಿಶ್, ಎರಡು ಅಡಿ ಚದರದ ಜಾಗ, ಮೊದಲು ಅಡ್ಡ ಆಮೇಲೆ ಉದ್ದ, ಪ್ರತಿ ಸಾಲೂ ಹಿಂದಿನದರ ಅರ್ಧ ಮೇಲೆ ಬರುವಂತೆ, ಸೆಕೆಂಡಿಗೆ ಒಂದು ಅಂಗುಲದ ನಡಿಗೆ. ಏಣು ಮತ್ತು ಅಂಚುಗಳಿಗೆ ಟೇಪ್, ಕಪ್ಪು ಪ್ಲಾಸ್ಟಿಕ್ ಭಾಗಗಳಿಗೂ ಟೇಪ್, ಅಲ್ಲಿ ಪಾಲಿಶ್ ಒಣಗಿದರೆ ಬಿಳಿ ಕಲೆ ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಬಂಪರ್ ಪ್ಲಾಸ್ಟಿಕ್, ಶಾಖ ಹರಡದು, ಅಲ್ಲಿ ಇನ್ನೂ ಹಗುರ ಕೈ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು, ಕಾರು ನೆರಳಲ್ಲಿರಬೇಕು. ಒಂದೇ ಸುತ್ತು ಪಾಲಿಶ್ ಆದರೆ ಒಂದು ಹಗಲು, ಕಾಂಪೌಂಡ್ ಸೇರಿ ಎರಡು ಸುತ್ತಾದರೆ ಎರಡು ಹಗಲು ಇಟ್ಟುಕೊಳ್ಳಿ.

ಹಾಗಾದರೆ ಡೀಟೇಲಿಂಗ್ ಮಾಡುವವರ, ಅಂದರೆ ಕಾರಿಗೆ ಹೊಳಪು ತರುವುದನ್ನೇ ಕಸುಬು ಮಾಡಿಕೊಂಡವರ ಕೈಗೆ ಯಾವಾಗ ಕೊಡಬೇಕು? ಕಾರು ಕಪ್ಪಾಗಿದ್ದು ನಿಮಗೆ ಕನ್ನಡಿಯಂಥ ಹೊಳಪೇ ಬೇಕಿದ್ದರೆ, ಪೇಂಟಿನ ದಪ್ಪ ಅನುಮಾನಾಸ್ಪದವಾಗಿದ್ದರೆ, ಅಥವಾ ಮಷೀನು ಕೊಂಡರೂ ಮತ್ತೆ ಎರಡು ವರ್ಷ ಅದು ಅಟ್ಟದ ಮೇಲೇ ಇರುತ್ತದೆ ಎಂದು ನಿಮಗೇ ಗೊತ್ತಿದ್ದರೆ. ಮನೆಯಲ್ಲಿ ಎರಡು ಮೂರು ವಾಹನ ಇರುವವರಿಗೆ ಸ್ವಂತ ಡಿಎ ಲಾಭ, ಒಂದೇ ಕಾರಿಗೆ ಒಂದೇ ಸಲವಾದರೆ ಕೂಲಿ ಕೊಡುವುದೇ ಲಾಭ. ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ: ದಪ್ಪ ಅಳೆಯುತ್ತೀರಾ, ಮೊದಲು ಒಂದು ಜಾಗದಲ್ಲಿ ಮಾಡಿ ತೋರಿಸುತ್ತೀರಾ, ಕೊನೆಗೆ ಎಣ್ಣೆ ಒರೆಸಿ ಬಿಸಿಲಲ್ಲಿ ತೋರಿಸುತ್ತೀರಾ. ಮೂರನೆಯದಕ್ಕೆ ತಡವರಿಸಿದರೆ ಅಲ್ಲಿ ಗ್ಲೇಜ್ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಪಾಲಿಶ್ ಕೈಲಾಗದ ಜಾಗ

ಉಗುರು ಸಿಕ್ಕಿಕೊಳ್ಳುವ ಒಂಟಿ ಗೀರಿಗೆ, ಗೀರಿನ ಜಾಗಕ್ಕಷ್ಟೇ ಹಚ್ಚುವ ಟಚ್-ಅಪ್ ಪೇಂಟ್ ಇದೆ. ಕಾರಿನ ಬಣ್ಣದ ಕೋಡ್ ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಇರುವ ಪಟ್ಟಿಯ ಮೇಲೆ ಇರುತ್ತದೆ. ಹಚ್ಚಿದ ಗುರುತು ಹತ್ತಿರದಿಂದ ನೋಡಿದರೆ ಕಾಣುತ್ತದೆ, ಎರಡು ಮಾರು ದೂರದಿಂದ ಕಾಣುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ನನಗೆ ಅಷ್ಟು ಸಾಕು. 2000, 3000 ನಂಬರಿನ ನೀರು ಕಾಗದ (ನೀರು ಹಾಕಿ ಉಜ್ಜುವ ನುಣ್ಣನೆ ಮರಳು ಕಾಗದ) ಉಜ್ಜಿ ಸಮ ಮಾಡುವ ವಿಡಿಯೊಗಳು ಚಂದ ಇರುತ್ತವೆ, ಆದರೆ ಆ ಕಾಗದ ಕ್ಲಿಯರ್ ಕೋಟನ್ನು ಪಾಲಿಶ್‌ಗಿಂತ ಎಷ್ಟೋ ಬೇಗ ತಿನ್ನುತ್ತದೆ, ಮೀಟರ್ ಇಲ್ಲದೆ ಕೈ ಹಾಕಬೇಡಿ.

ಟಾಪ್ ಮೇಲೋ ಬಾನೆಟ್ ಮೇಲೋ ಕ್ಲಿಯರ್ ಕೋಟ್ ಬಿಳಿಚಿಕೊಂಡು ಹಪ್ಪಳದ ಹಾಗೆ ಏಳುತ್ತಿದ್ದರೆ ಯಾವ ಪಾಲಿಶ್, ಯಾವ ವ್ಯಾಕ್ಸ್, ಯಾವ ಸೆರಾಮಿಕ್ ಕೂಡ ಉಪಯೋಗವಿಲ್ಲ. ಆ ಭಾಗಕ್ಕೆ ಮತ್ತೆ ಪೇಂಟ್ ಹೊಡೆಸಬೇಕು, ಇಲ್ಲವೇ ಹಾಗೆಯೇ ಓಡಿಸಬೇಕು. ಆದರೆ ಒಂದು ಭಾಗ ಕೆಟ್ಟಿದೆ ಎಂದು ಇಡೀ ಕಾರಿಗೆ ಹೊಡೆಸುವ ಅವಸರ ಬೇಡ. ಕಾರ್ಖಾನೆಯ ಪೇಂಟ್ ಜೋರು ಶಾಖದ ಒಲೆಯಲ್ಲಿ ಗಟ್ಟಿಯಾದದ್ದು, ಆ ಗುಣ ಹೊರಗಿನ ಪೇಂಟ್ ಅಂಗಡಿಯ ಬೂತ್‌ನಲ್ಲಿ ಬರುವುದು ಕಷ್ಟ; ಮುಂದೆ ಮಾರುವಾಗ ಪೂರ್ತಿ ಪೇಂಟ್ ಆದ ಕಾರನ್ನು ಕೊಳ್ಳುವವರು ಅಪಘಾತದ ಕಣ್ಣಿನಿಂದಲೇ ನೋಡುತ್ತಾರೆ. ಹೊಸ ಪೇಂಟ್ ಹೊಡೆದ ಭಾಗಕ್ಕೆ ಒಂದೆರಡು ತಿಂಗಳಾದರೂ ವ್ಯಾಕ್ಸ್ ಹಚ್ಚಬೇಡಿ, ಒಳಗಿನ ದ್ರಾವಕ ಆರಬೇಕು. ಮ್ಯಾಟ್ ಪೇಂಟ್ ಇರುವ ಕಾರನ್ನಂತೂ ಪಾಲಿಶ್ ಮಾಡಲೇಬಾರದು, ಉಜ್ಜಿದ ಕಡೆ ಮಿಂಚು ಬಂದರೆ ಅದೇ ಕಲೆ.

ಮೇಲೆ ಏನು ಹಚ್ಚುವುದು

ಇಲ್ಲಿ ಆಯ್ಕೆ ಮೂರು. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನಲ್ಲಿ ಬೆಳೆಯುವ ತಾಳೆ ಜಾತಿಯ ಮರವೊಂದರ ಎಲೆಯ ಮೇಣ. ಹಚ್ಚುವುದು ಸುಲಭ, ಗಾಢ ಬಣ್ಣಗಳಿಗೆ ಒದ್ದೆ ಒದ್ದೆಯಾದ ಒಂದು ಕಳೆ ಕೊಡುತ್ತದೆ, ಬಯಲಲ್ಲಿ ನಿಲ್ಲುವ ಕಾರಿನ ಮೇಲೆ ಒಂದೆರಡು ತಿಂಗಳು ನಿಂತರೆ ಹೆಚ್ಚು. ಸೀಲಂಟ್ ಕೃತಕ ಪಾಲಿಮರ್, ಅದರ ಮಿಂಚು ಸ್ವಲ್ಪ ಗಾಜಿನಂತೆ, ಬಾಳಿಕೆ ನಾಲ್ಕಾರು ತಿಂಗಳು. ಕಾರನ್ನು ಮುದ್ದು ಮಾಡುತ್ತಾ ಕೂರಲು ಪುರುಸೊತ್ತಿಲ್ಲದ ಹೆಚ್ಚಿನವರಿಗೆ ಸೀಲಂಟೇ ಸರಿ ಎಂದು ನನ್ನ ಅಭಿಪ್ರಾಯ. ವರ್ಷಕ್ಕೆ ಎರಡು ಮೂರು ಭಾನುವಾರದ ಕೆಲಸ.

ಸೆರಾಮಿಕ್ ಕೋಟಿಂಗ್ ಸರಿಯಾಗಿ ಕೂತರೆ ವರ್ಷ ಎರಡು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು ಬರುತ್ತದೆ. ನೀರು ನಿಲ್ಲದೆ ಜಾರುತ್ತದೆ, ತೊಳೆಯುವುದು ಹಗುರ, ಹಕ್ಕಿ ಹಿಕ್ಕೆ ಕೂಡಲೇ ಒಳಗಿಳಿಯದು. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್. ಹೊಟ್ಟೆಕಿಚ್ಚಿನ ಪಕ್ಕದ ಮನೆಯವನ ಕೀಲಿಕೈಯನ್ನೂ, ಹಾರಿ ಬರುವ ಜಲ್ಲಿಯನ್ನೂ ಅದು ತಡೆಯುವುದಿಲ್ಲ. ಡಬ್ಬಿಯ ಮೇಲಿನ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆ, ವಜ್ರಕ್ಕೆ 10 ಕೊಡುವ, ಖನಿಜಗಳ ಗಡಸುತನದ ಮೋಸ್ ಅಳತೆಯಲ್ಲ. ಕಲ್ಲಿನ ಏಟು ತಡೆಯಬೇಕೆಂದರೆ ಬೇಕಾದ್ದು 150 ಮೈಕ್ರಾನಿನಷ್ಟು ದಪ್ಪದ ಪಾರದರ್ಶಕ ಫಿಲ್ಮ್, ಅದರ ಖರ್ಚೂ ಹಾಗೆಯೇ ದಪ್ಪ. ಹಳೆ ಕಾರಿಗೆ ಸಂಬಂಧಿಸಿ ಇನ್ನೂ ಮುಖ್ಯವಾದ ಮಾತೊಂದಿದೆ: ಸೆರಾಮಿಕ್ ಹಾಕುವ ಮುಂಚೆ ಪಾಲಿಶ್ ಪೂರ್ತಿ ಆಗಿರಬೇಕು. ಒಳಗೆ ಉಳಿದ ಗೆರೆಗಳೆಲ್ಲ ಅದರಡಿ ಭದ್ರವಾಗಿ ಕೂರುತ್ತವೆ, ತೆಗೆಯಬೇಕೆಂದರೆ ಕೋಟಿಂಗ್ ಸಮೇತ ಮತ್ತೆ ಉಜ್ಜಬೇಕು. ನಾಲ್ಕೈದು ವರ್ಷ ಇಟ್ಟುಕೊಳ್ಳುವ, ಪೇಂಟ್ ದಪ್ಪ ಚೆನ್ನಾಗಿರುವ ಕಾರಿಗೆ ಹಾಕಿದ ಖರ್ಚು ಗಿಟ್ಟುತ್ತದೆ. ಮೂಲೆ ಮೂಲೆ ಸವೆದ, ದಿನಾ ಇಕ್ಕಟ್ಟಿನಲ್ಲಿ ನಿಲ್ಲುವ ಕಾರಿಗೆ ಅದೇ ದುಡ್ಡಿನಲ್ಲಿ ನಾಲ್ಕು ಟೈರಿನ ಸ್ಥಿತಿ ನೋಡಿಕೊಳ್ಳುವುದು ಲೇಸು.

ಏನೇ ಮಾಡಿಸಿ, ಏನೇ ಹಚ್ಚಿ, ಜೇಡರ ಬಲೆ ಬಂದದ್ದು ತೊಳೆಯುವ ಬಟ್ಟೆಯಿಂದ. ಒಣ ಧೂಳಿನ ಮೇಲೆ ಒರೆಸುವುದು ನಿಲ್ಲಿಸಿ. ಮೊದಲು ಬರೀ ನೀರು ಸುರಿದು ಮಣ್ಣು ಇಳಿಸಿ, ಸೋಪಿಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್, ಮೇಲಿಂದ ಕೆಳಕ್ಕೆ ತೊಳೆಯುತ್ತಾ ಬನ್ನಿ, ಚಕ್ರದ ಬಟ್ಟೆ ಬೇರೆಯೇ ಇರಲಿ. ಮೈಕ್ರೋಫೈಬರ್ ಬಟ್ಟೆ ಒಮ್ಮೆ ನೆಲಕ್ಕೆ ಬಿತ್ತೆಂದರೆ ಅದು ಅವತ್ತಿಗೆ ಎಂಜಿನ್ ಒರೆಸುವ ಬಟ್ಟೆ.